ಗೌರಿ ಹಬ್ಬಕ್ಕೊಂದು ಅಜೀರ್ಣದ ಪುಸ್ತಕ

ನಮ್ಮ ಸೋದರಮಾವ ಹಬ್ಬಕ್ಕೆ ಬರುತ್ತಾರೆಂದರೆ ತೆಲುಗು ಸೀಮೆಯ ಕಲ್ಯಾಣದುರ್ಗದ ನಮ್ಮ ಬೀದಿಯಲ್ಲಿ ಗಟ್ಟಿಮುಟ್ಟಾಗಿದ್ದವರಿಗೂ ಸಣ್ಣಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಮಾವನ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡುವ ಅಗತ್ಯವೇ ಬೀಳುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಜನ ನಂಬುವುದಿಲ್ಲ. ಬೇರೆಯವರ ಮಾವಂದಿರು ಹಬ್ಬಕ್ಕೆ ಬಂದರೆ ಸೀರೆ ತರುತ್ತಾರೆ, ರವಿಕೆ ಕಣ ತರುತ್ತಾರೆ, ಏನೂ ಇಲ್ಲವೆಂದರೆ ಒಂದು ಚಿಪ್ಪು ಬಾಳೆಹಣ್ಣನ್ನಾದರೂ ತರುತ್ತಾರೆ. ನಮ್ಮ ಮಾವ ಆರೋಗ್ಯದ ಪುಸ್ತಕ ತರುತ್ತಿದ್ದರು. ಗೌರಿ ಹಬ್ಬಕ್ಕೆ ಅಜೀರ್ಣ, ದೀಪಾವಳಿಗೆ ಮಲಬದ್ಧತೆ, ಸಂಕ್ರಾಂತಿಗೆ ಕೆಮ್ಮು ದಮ್ಮು, ಯುಗಾದಿಗೆ ಚರ್ಮರೋಗ! ಬೇವುಬೆಲ್ಲ ತಿನ್ನುತ್ತಾ ಕಜ್ಜಿಯ ವರ್ಣನೆ ಕೇಳಿದ ಮನೆ ನಮ್ಮದೊಂದೇ ಇರಬೇಕು.

ಮಾವನಿಗೆ ಹಿಂದೂಪುರದ ಪೇಟೆಯಲ್ಲಿ ಕಿರಾಣಿ ಅಂಗಡಿ. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೂಪುರದಲ್ಲಿ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಹತ್ತಿದ ಮಾವ, ಎರಡು ಬಸ್ಸು ಬದಲಾಯಿಸಿ ನಮ್ಮೂರಿನಲ್ಲಿ ಇಳಿಯುವ ಹೊತ್ತಿಗೆ ಕಮ್ಮಾರರ ನೆಂಟರ ಹಾಗೆ ಕಾಣುತ್ತಿದ್ದರು. ಕಂಕುಳಲ್ಲಿ ಮಾತ್ರ ಕೆಂಪು ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಮಡಿಯಾಗಿರುತ್ತಿತ್ತು. ಬಂದವರು ಸೀದಾ ಒಳಗೆ ಬರುತ್ತಿರಲಿಲ್ಲ. ಹೊಸಿಲಾಚೆ ನಿಂತು ನನ್ನನ್ನು ಕರೆಯುತ್ತಿದ್ದರು. ಕಾಲಿಗೆ ನೀರು ತಂದ ನಾನು ತಂಬಿಗೆ ಹಿಡಿದುಕೊಂಡೇ ಪರೀಕ್ಷೆಗೆ ನಿಲ್ಲಬೇಕಾಗಿತ್ತು.

"ವಾಂತಿಭೇದಿ ಆದ್ರೆ ಏನ್ ಕೊಡ್ಬೇಕು ಮಗಾ?"

"ನೀರು ಮಾವ."

"ಎಂಥಾ ನೀರು?"

"ಕಾಸಿ ಆರ್ಸಿದ್ ನೀರು. ಗಂಜಿ ತಿಳಿ. ಅದಕ್ಕೆ ಒಂದ್ ಚಿಟಿಕೆ ಉಪ್ಪು."

"ಹೆಂಗ್ ಕೊಡ್ಬೇಕು?"

"ಗುಟುಕು ಗುಟುಕಾಗಿ. ಕೊಡ್ತಾನೇ ಇರ್ಬೇಕು."

"ಯಾರಾದ್ರೂ ಕೊಡ್ಬ್ಯಾಡ ಅಂದ್ರೆ?"

"ಅವ್ರ ಮಾತು ಕೇಳ್ಬಾರ್ದು."

"ಸರಿ ಕಣಮ್ಮ. ಈಗ ಒಳಕ್ಕೆ ಬತ್ತೀನಿ."

ಪ್ರತಿ ಹಬ್ಬಕ್ಕೂ ಇದೇ ಪ್ರಶ್ನೆ, ಇದೇ ಉತ್ತರ, ಒಂದು ಅಕ್ಷರ ಆಚೀಚೆ ಆಗುವಂತಿಲ್ಲ. ನಮ್ಮಪ್ಪ ಜಗಲಿಯ ಮೇಲೆ ಕೂತು ನಗುತ್ತಿದ್ದರು. "ಬ್ಯಾರೇರ ಮನೇಲಿ ನೆಂಟರು ಬಂದ್ರೆ ನೀರ್ ಕೊಡ್ತಾರೆ. ನಮ್ಮನೇಲಿ ನೀರಿನ ಪಾಠ ಒಪ್ಪಿಸ್ಬೇಕು" ಎನ್ನುತ್ತಿದ್ದರು. ಮಾವ ಅದಕ್ಕೆ ಬೇಸರ ಪಟ್ಟುಕೊಂಡವರಲ್ಲ. ಬಸ್ಸಿನ ಕಂಡಕ್ಟರನಿಗೂ ಅವರು ಇದೇ ಪಾಠ ಹೇಳಿಸಿದ್ದರಂತೆ. ಆತ ಇವರು ಬಸ್ಸು ಹತ್ತುವುದನ್ನು ಕಂಡರೆ ಟಿಕೆಟ್ಟು ಹರಿಯುವ ಮೊದಲೇ "ಉಪ್ಪು ಒಂದು ಚಿಟಿಕೆ ಸಾರ್" ಎನ್ನುತ್ತಿದ್ದನಂತೆ.

ಇನ್ನು ಆ ಪುಸ್ತಕಗಳ ವಿಷಯ. ಹೊಸ ಪುಸ್ತಕ ಬೇಕೆಂದರೆ ಬೆಂಗಳೂರಿನಿಂದ ರೈಲಿನಲ್ಲಿ ಬರಬೇಕು, ಯುದ್ಧಕಾಲದಲ್ಲಿ ಕಾಗದಕ್ಕೂ ಬರ. ಹಾಗಾಗಿ ಪೇಟೆಯ ಅಂಗಡಿಗಳವರೆಲ್ಲ ಹಳೆಯ ಪುಸ್ತಕಗಳನ್ನು ತೂಕಕ್ಕೆ ಕೊಂಡು, ಹಾಳೆ ಹರಿದು ಪೊಟ್ಟಣ ಕಟ್ಟುತ್ತಿದ್ದರು. ಮಾವ ಆ ಅಂಗಡಿಗಳಿಗೆ ನುಗ್ಗಿ, ರದ್ದಿಯ ರಾಶಿ ಕೆದಕಿ, ಆರೋಗ್ಯದ ಪುಸ್ತಕ ಯಾವುದಿದ್ದರೂ ಎತ್ತಿಕೊಂಡು ಬರುತ್ತಿದ್ದರು. ಕನ್ನಡದ್ದು ನಮ್ಮಂಥವರಿಗೆ, ತೆಲುಗಿನದ್ದು ತೆಲುಗು ಓದುವವರಿಗೆ. ಆದರೆ ಮಾವ ಹೋಗಿ ಬಿಡಿಸಿಕೊಳ್ಳುವ ಹೊತ್ತಿಗೆ ಅರ್ಧ ಪುಸ್ತಕ ಆಗಲೇ ಕಡಲೆಬೇಳೆಯ ಜೊತೆ ಹೋಗಿರುತ್ತಿತ್ತು. ಹದಿನೇಳನೆಯ ಪುಟದಿಂದ ಶುರುವಾಗುವ ಪುಸ್ತಕಗಳು ನಮ್ಮ ಮನೆಯಲ್ಲಿ ಎಷ್ಟೋ ಇದ್ದವು. ರೋಗದ ಲಕ್ಷಣ ಪೂರ್ತಿ ಇರುತ್ತಿತ್ತು, ಮದ್ದಿನ ಪುಟ ಇರುತ್ತಿರಲಿಲ್ಲ. ಅಂಥ ಪುಸ್ತಕ ಓದಿದವನ ಗತಿ ಏನು?

ಅದನ್ನು ಮಾವನ ಸ್ವಂತ ಅಳಿಯನನ್ನೇ ಕೇಳಬೇಕು. ಚಿಲಮತ್ತೂರಿನ ಹುಡುಗ, ಮಾವನ ಮಗಳನ್ನು ಮದುವೆಯಾಗಿ ಮೊದಲ ದೀಪಾವಳಿಗೆ ಹಿಂದೂಪುರಕ್ಕೆ ಬಂದಿದ್ದ. ನಾವೂ ಹೋಗಿದ್ದೆವು. ಎಣ್ಣೆಸ್ನಾನ ಆಯಿತು, ಆರತಿ ಆಯಿತು. ಮಾವ ಕೆಂಪು ಬಟ್ಟೆಯ ಗಂಟನ್ನು ತಟ್ಟೆಯಲ್ಲಿಟ್ಟು ಅಳಿಯನ ಮುಂದೆ ಹಿಡಿದರು. ಅಳಿಯ ಕೈಗಡಿಯಾರ ಎಂದುಕೊಂಡಿದ್ದ ಪಾಪ, ಎಡಗೈಯ ತೋಳು ಮಡಚಿಕೊಂಡೇ ಕೂತಿದ್ದ. ಗಂಟು ಬಿಚ್ಚಿದರೆ ಹೊಟ್ಟೆಯ ಕಾಯಿಲೆಗಳ ಪುಸ್ತಕ!

ಮನಸ್ಸು ತಡೆಯದೆ ಮಧ್ಯಾಹ್ನ ಅದನ್ನು ತೆರೆದು ನೋಡಿದ. ಊಟವಾದ ಮೇಲೆ ನಿದ್ದೆ ಬರುವುದು, ಬೆಳಿಗ್ಗೆ ಏಳಲು ಮನಸ್ಸಾಗದಿರುವುದು, ಸಿಹಿ ಕಂಡರೆ ಆಸೆ, ಕೆಲಸ ಕಂಡರೆ ಆಯಾಸ, ಇವಿಷ್ಟೂ ಇದ್ದರೆ ಹೊಟ್ಟೆಯಲ್ಲಿ ಘೋರವಾದ ವಿಷ ಸೇರಿದೆಯೆಂದು ತಿಳಿಯತಕ್ಕದ್ದು, ಕೂಡಲೇ, ಎಂಬಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹಾಳೆ ಇಲ್ಲ. ಕೂಡಲೇ ಏನು ಮಾಡತಕ್ಕದ್ದು? ಹೊಸ ಅಳಿಯನಿಗೆ ಎಲ್ಲ ಲಕ್ಷಣಗಳೂ ಇದ್ದವು. ಸಂಜೆಯ ಹೊತ್ತಿಗೆ ಹೋಳಿಗೆ ಬೇಡವೆಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಮಗಳು ಅಳತೊಡಗಿದಳು.

ಮಾವ ಏನು ಮಾಡಿದರು ಗೊತ್ತೆ? ಹಬ್ಬದ ದಿನ, ಪೇಟೆಯಲ್ಲಿ ಯಾವ ಅಂಗಡಿಯವನು ಆ ಪುಸ್ತಕ ಹರಿದಿದ್ದನೋ ಅವನನ್ನು ಹಿಡಿದು, ಅವನು ಯಾರ್ಯಾರಿಗೆ ಪೊಟ್ಟಣ ಕಟ್ಟಿದ್ದನೋ ಅವರ ಮನೆಗಳನ್ನೆಲ್ಲ ಹುಡುಕಿ, ಕೊನೆಗೆ ಒಬ್ಬ ಪುರಿ ಮಾರುವವಳ ಬುಟ್ಟಿಯಲ್ಲಿ ಆ ಹಾಳೆಯನ್ನು ಪತ್ತೆ ಮಾಡಿಕೊಂಡು ಬಂದರು. ಅದರಲ್ಲಿದ್ದದ್ದು ಇಷ್ಟೇ: ದಿನಕ್ಕೆರಡು ಸಲ ಸೊಂಟ ಮುಳುಗುವಷ್ಟು ತಣ್ಣೀರಿನಲ್ಲಿ ಕೂರತಕ್ಕದ್ದು. ಮರುದಿನ ಒಂದು ತಗಡಿನ ತೊಟ್ಟಿ ಬಂತು. ಅಳಿಯನನ್ನು ಮಣೆಯ ಮೇಲೆ ಕೂರಿಸಿ ಆರತಿ ಎತ್ತುವುದನ್ನು ಎಲ್ಲರೂ ನೋಡಿದ್ದಾರೆ. ತೊಟ್ಟಿಯಲ್ಲಿ ಕೂತ ಅಳಿಯ ಹಲ್ಲು ಕಟಕಟಿಸುವುದನ್ನು ನೋಡಲು ಅಕ್ಕಪಕ್ಕದ ಹೆಂಗಸರೆಲ್ಲ ಹಿತ್ತಲ ಗೋಡೆಯ ಮೇಲೆ ಕತ್ತು ಚಾಚಿದ್ದರು. ಹಬ್ಬ ಮುಗಿಸಿ ಹೊರಟ ಅಳಿಯನ ಜೊತೆಗೆ ತೊಟ್ಟಿಯೂ ಬಸ್ಸಿನ ಮೇಲೇರಿ ಚಿಲಮತ್ತೂರಿಗೆ ಹೋಯಿತು.

ಅಲ್ಲಿಗೆ ನಂಟು ಮುಗಿಯಿತು ಎಂದುಕೊಂಡೆವು. ಮುಂದಿನ ವರ್ಷ ಅಳಿಯನಿಂದ ಕಾರ್ಡು ಬಂತು. "ದೀಪಾವಳಿಗೆ ಬರುತ್ತೇವೆ. ಅಲ್ಲಿ ಬೇರೆ ತೊಟ್ಟಿ ಇದೆಯೋ, ನಮ್ಮದನ್ನೇ ತರಬೇಕೋ, ತಿಳಿಸುವುದು." ಆ ಕಾರ್ಡನ್ನು ಮಾವ ಪೇಟೆಯಲ್ಲೆಲ್ಲ ಓದಿ ತೋರಿಸಿದರು.

ಇಷ್ಟೆಲ್ಲ ಪುಸ್ತಕ ಬಿಡಿಸಿಕೊಂಡು ಬರುವ ಮಾವ ಸ್ವಂತ ಅಂಗಡಿಯಲ್ಲಿ ಕಾಗದಕ್ಕೆ ಕೈ ಹಚ್ಚುತ್ತಿರಲಿಲ್ಲ. ಬೆಲ್ಲ, ಹುಣಿಸೆಹಣ್ಣು, ಇಂಗು, ಕೊನೆಗೆ ಸಕ್ಕರೆ ಕೂಡ ಮುತ್ತುಗದ ಎಲೆಯಲ್ಲಿ. ಲೇಪಾಕ್ಷಿ ಕಡೆಯ ಹೆಂಗಸೊಬ್ಬಳು ವಾರಕ್ಕೊಮ್ಮೆ ಎಲೆಯ ಹೊರೆ ತಂದು ಹಾಕುತ್ತಿದ್ದಳು. ಎಲೆಯ ಪೊಟ್ಟಣದಿಂದ ಸಕ್ಕರೆ ದಾರಿಯುದ್ದಕ್ಕೂ ಸೋರುತ್ತಿತ್ತು. ಮಾವನ ಗಿರಾಕಿಯ ಮನೆ ಎಲ್ಲಿದೆಯೆಂದು ತಿಳಿಯಬೇಕಾದರೆ ಇರುವೆ ಸಾಲು ಹಿಡಿದು ಹೋದರೆ ಸಾಕು ಎಂದು ಪೇಟೆಯಲ್ಲಿ ನಗುತ್ತಿದ್ದರು. ಒಬ್ಬಾತ ಸಕ್ಕರೆ ಕಟ್ಟಿಸಿಕೊಳ್ಳುತ್ತಾ ತೆಲುಗಿನಲ್ಲಿ, "ಸಾವ್ಕಾರಪ್ಪಾ, ಆಕುಲೋ ಚಕ್ಕೆರ ಕಟ್ಟಿಸ್ತೇ ಚೀಮಲಕೇ ಕದಾ ಪೆಂಡ್ಲಿ" ಎಂದ. ಎಲೆಯಲ್ಲಿ ಸಕ್ಕರೆ ಕಟ್ಟಿದರೆ ಇರುವೆಗಳಿಗೆ ತಾನೇ ಮದುವೆಯೂಟ ಎಂದು. ಮಾವ ಉತ್ತರವನ್ನು ಕನ್ನಡದಲ್ಲಿ ಕೊಟ್ಟರು.

"ಇರುವೆ ತಿಂದ್ರೆ ಸಕ್ಕರೆ ಹೋಯ್ತದೆ. ಹಾಳೆ ಹರಿದ್ರೆ ಏನ್ ಹೋಯ್ತದೋ ಯಾರಿಗ್ ಗೊತ್ತು?"

ನಾನು ಆಗ ಅಲ್ಲೇ ಬೆಲ್ಲದ ಚೂರು ನೆಕ್ಕುತ್ತಾ ಕೂತಿದ್ದೆ. ಇದೂ ಮಾವನ ಒಂದು ಹುಚ್ಚು ಎಂದುಕೊಂಡೆ.

ಮಠದ ಸ್ವಾಮಿಗಳನ್ನೂ ಅವರು ಬಿಡಲಿಲ್ಲ. ಶಿವರಾತ್ರಿಗೆ ಎಲ್ಲರೂ ಹಣ್ಣು, ಬಿಲ್ವಪತ್ರೆ, ಶಲ್ಯ ಹಿಡಿದು ಸಾಲಿನಲ್ಲಿ ನಿಂತಿದ್ದರೆ ನಮ್ಮ ಮಾವ ಬೊಜ್ಜು ಕರಗಿಸುವ ಪುಸ್ತಕ ಹಿಡಿದು ನಿಂತಿದ್ದರು. ಅತ್ತೆ ಹಿಂದಿನಿಂದ ಅಂಗಿ ಜಗ್ಗಿದರೂ ಕೇಳಲಿಲ್ಲ. ಸ್ವಾಮಿಗಳು ಪುಸ್ತಕ ಬಿಚ್ಚಿ, ಹೆಸರು ಓದಿ, ಮಾವನನ್ನು ಮೇಲಿಂದ ಕೆಳಗೆ ನೋಡಿದರು.

"ಇಷ್ಟು ವರ್ಷದಾಗೆ ಬಂದೋರೆಲ್ಲ ನನ್ನ ಪಾದ ನೋಡವ್ರೆ ಕಣಪ್ಪ. ನನ್ನ ಹೊಟ್ಟೆ ನೋಡ್ದೋನು ನೀನೊಬ್ನೇ" ಎಂದರು ಸ್ವಾಮಿಗಳು. ಮರುದಿನದಿಂದ ಅವರು ಬೆಳಿಗ್ಗೆ ಎರಡು ಮೈಲಿ ನಡೆಯತೊಡಗಿದರು. ಪಲ್ಲಕ್ಕಿ ಹೊರುವವರು ಮಾವನನ್ನು ದಾರಿಯಲ್ಲಿ ಕಂಡರೆ ನಿಂತು ಕೈ ಮುಗಿಯುತ್ತಿದ್ದರು.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಓದು ಕಲಿತದ್ದೇ ಅಜೀರ್ಣದಿಂದ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಓದು ಬಾರದ ತಂಗಿಗೆ ಹಬ್ಬ ಹಬ್ಬಕ್ಕೂ ಪುಸ್ತಕ ತಂದರೆ ಏನು ಉಪಯೋಗ ಎಂದು ಅಪ್ಪ ಒಂದು ಸಲ ಕೇಳಿಯೇಬಿಟ್ಟರು. ಮಾವ ನನ್ನನ್ನು ಮುಂದಕ್ಕೆಳೆದು, "ಅದಕ್ಕೇ ಭಾವ, ಈ ಕೂಸಿಗೆ ಓದ್ಸಿ. ಇವ್ಳು ಅವ್ಳಿಗೆ ಓದಿ ಹೇಳ್ಲಿ" ಎಂದರು. ನಮ್ಮ ವಂಶದಲ್ಲಿ ಅದುವರೆಗೆ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮಾವ ಎರಡು ದಿನ ಊಟ ಬಿಟ್ಟು ಜಗಲಿಯ ಮೇಲೆ ಕೂತದ್ದರಿಂದ ನಾನು ಹತ್ತಿದೆ. ಉಪವಾಸದ ಗುಣಗಳ ಮೇಲೆ ಒಂದು ಪುಸ್ತಕವೂ ಅವರ ಕೈಯಲ್ಲಿತ್ತಾದ್ದರಿಂದ ಅದು ಮುಷ್ಕರವೋ ಚಿಕಿತ್ಸೆಯೋ ಅಪ್ಪನಿಗೆ ಕೊನೆಗೂ ತಿಳಿಯಲಿಲ್ಲ. ಶಾಲೆಯಲ್ಲಿ ತೆಲುಗು ಕಲಿಸಿದರು. ಕನ್ನಡವನ್ನು ಮಾವ ತಮ್ಮ ಪುಸ್ತಕದಿಂದಲೇ ಕಲಿಸಿದರು. ಕನ್ನಡ ಕಲಿಯುವ ಬೇರೆ ಮಕ್ಕಳು ಅ ಎಂದರೆ ಅರಸ ಎನ್ನುತ್ತಿದ್ದರು, ನಾನು ಅ ಎಂದರೆ ಅಜೀರ್ಣ, ಆ ಎಂದರೆ ಆಮಶಂಕೆ, ಇ ಎಂದರೆ ಇಸಬು ಎನ್ನುತ್ತಿದ್ದೆ. ನಗುವವರು ನಗಲಿ. ಆ ಮೂರು ಅಕ್ಷರಗಳ ಮೇಲೇ ನಾನು ಮುಂದೆ ಮಾಸ್ತರಿಣಿಯಾದೆ.

ಆದರೆ ಈ ಪುಸ್ತಕಗಳಿಂದ ಅಮ್ಮನಿಗೆ ಆಗುತ್ತಿದ್ದ ಅವಮಾನ ಮಾತ್ರ ನಗುವ ವಿಷಯವಾಗಿರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಸೀರೆಯೋ ರವಿಕೆ ಕಣವೋ ಬರಬೇಕು. ಬಂದದ್ದನ್ನು ಓರಗಿತ್ತಿಯರು, ನೆರೆಯವರು ಮುಟ್ಟಿ ನೋಡಿ ಜರಿಯ ಅಗಲ ಅಳೆಯಬೇಕು. ತವರಿನ ಪ್ರೀತಿಗೆ ಅದೇ ಅಳತೆ. ನಮ್ಮಮ್ಮ ಪ್ರತಿ ವರ್ಷ ಹಳೆಯ ಸೀರೆಯನ್ನೇ ಒಗೆದು ಉಟ್ಟು, ಗೌರಿಯ ಮುಂದೆ ಪುಸ್ತಕ ಇಟ್ಟು, ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು.

ಅಪ್ಪನ ತಾಯಿ, ನಮ್ಮ ಅಜ್ಜಿ, ಎಲ್ಲರ ಎದುರಿಗೇ ಕೇಳುತ್ತಿದ್ದರು. "ನಿಮ್ಮಣ್ಣಂಗೆ ಒಂದು ರವಿಕೆ ಕಣ ಕೊಡೋಕೂ ಕೈ ಬರಲ್ವೇನಮ್ಮ? ಈ ಹರಕು ಹಾಳೆ ಉಟ್ಕೊಂಡು ಗೌರಿ ಮುಂದೆ ಕೂತ್ಕೋತೀಯಾ?"

ಅಮ್ಮ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಟ್ರಂಕಿನಲ್ಲಿ ಇಡುತ್ತಿದ್ದರು. ಟ್ರಂಕಿನ ತಳದಲ್ಲಿ ಎಲ್ಲಕ್ಕಿಂತ ಹಳೆಯದಾದ ಒಂದು ದಪ್ಪ ಪುಸ್ತಕವಿತ್ತು. ಮಕ್ಕಳ ರೋಗಗಳ ಮೇಲಿನದು, ಮಾವ ತಂದ ಮೊಟ್ಟಮೊದಲ ಪುಸ್ತಕ. ಅದನ್ನು ಮಾತ್ರ ಅಮ್ಮ ನನ್ನಿಂದ ಎಂದೂ ಓದಿಸಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ, ಗೌರಿ ಹಬ್ಬದ ಹಿಂದಿನ ದಿನ, ಮೂರು ವರ್ಷದ ನನ್ನ ತಮ್ಮನಿಗೆ ಬೆಳಗ್ಗೆಯೇ ವಾಂತಿಭೇದಿ ಹಿಡಿಯಿತು. ಎರಡು ಗಂಟೆಯೊಳಗೆ ಅವನ ಕಣ್ಣು ಒಳಗೆ ಇಳಿದು, ಬೆರಳುಗಳ ಚರ್ಮ ಸುಕ್ಕಾಯಿತು. ಊರಿನ ಡಾಕ್ಟರು ಅದೇ ರೋಗಕ್ಕೆ ಸೂಜಿ ಹಾಕಲು ಕಂಬದೂರಿನ ಕಡೆ ಹೋಗಿದ್ದರು. ಅಪ್ಪ ಸೈಕಲ್ಲು ಹತ್ತಿ ಅವರನ್ನು ಕರೆತರಲು ಹೊರಟರು. ಮನೆಯಲ್ಲಿ ಉಳಿದವರು ಅಜ್ಜಿ, ಅಮ್ಮ, ನಾನು, ಮತ್ತು "ನೀರು, ನೀರು" ಎಂದು ನರಳುತ್ತಿದ್ದ ತಮ್ಮ.

ಅಜ್ಜಿ ನೀರಿನ ಕೊಡವನ್ನು ಒಳಕೋಣೆಗೆ ಒಯ್ದು, ಬಾಗಿಲಿಗೆ ಅಡ್ಡ ಕೂತರು. ಅಜ್ಜಿ ಕೆಟ್ಟವರಲ್ಲ. ಆಗ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡುತ್ತಿದ್ದರು. ವಾಂತಿಭೇದಿಯಾದ ಮಗುವಿಗೆ ನೀರು ಕೊಟ್ಟರೆ ಅದೂ ಹೊರಗೆ ಹೋಗಿ ರೋಗ ಹೆಚ್ಚುತ್ತದೆ, ಬಾಯಿ ಒಣಗಿದಷ್ಟೂ ಹೊಟ್ಟೆ ಕಟ್ಟುತ್ತದೆ ಎಂಬುದು ಹಿರಿಯರ ಮಾತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಕೊಡ ಕಾಯುತ್ತಿದ್ದರು.

ನಾನು ಅಭ್ಯಾಸಬಲದಿಂದ ಹೇಳಿಬಿಟ್ಟೆ. "ಅಜ್ಜಿ, ಕಾಸಿ ಆರ್ಸಿದ್ ನೀರು ಕೊಡ್ಬೇಕು. ಗಂಜಿ ತಿಳಿ. ಒಂದ್ ಚಿಟಿಕೆ ಉಪ್ಪು."

"ಅದು ನಿಮ್ಮ ಮಾವನ ಹುಡುಗಾಟ ಕಣೆ. ಹೊಸಿಲ ಮೇಲಿನ ಆಟದ ಮಾತು ಕೇಳಿ ಕೂಸಿನ ಜೀವ ಕಳಿಯಾಕಾಯ್ತದಾ? ಯಾವ ಪುಸ್ತಕದಾಗೆ ಐತೆ, ತೋರ್ಸು ನೋಡಾನ."

ಹಾಳೆ ಎಂದರೆ ಹಂಗಿಸುತ್ತಿದ್ದ ಅಜ್ಜಿ ಅವತ್ತು ಪುಸ್ತಕದ ಸಾಕ್ಷಿ ಕೇಳಿದರು. ಅಮ್ಮ ಎದ್ದು ಟ್ರಂಕು ತೆಗೆದು, ತಳದಲ್ಲಿದ್ದ ಆ ದಪ್ಪ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ನಾನು ಅಧ್ಯಾಯ ಹುಡುಕಿ ಗಟ್ಟಿಯಾಗಿ ಓದತೊಡಗಿದೆ. ಕಣ್ಣು ಗುಳಿ ಬೀಳುವುದು, ಬೆರಳು ಸುಕ್ಕುವುದು, ಬಾಯಾರಿಕೆಯಿಂದ ಮಗು ಕೂಗುವುದು, ಎಲ್ಲ ನಮ್ಮ ತಮ್ಮನನ್ನು ನೋಡಿಯೇ ಬರೆದಂತಿತ್ತು. ನಲವತ್ತನೆಯ ಪುಟದ ಕೊನೆಯ ಸಾಲು ಹೀಗಿತ್ತು: "ಇಂಥ ಸಮಯದಲ್ಲಿ ಮನೆಯವರು ಮೊಟ್ಟಮೊದಲು ಮಾಡಬೇಕಾದದ್ದೇನೆಂದರೆ."

ಪುಟ ತಿರುಗಿಸಿದೆ. ನಲವತ್ಮೂರು. ಕಣ್ಣುಬೇನೆಯ ಲಕ್ಷಣಗಳು.

ನಡುವಿನ ಹಾಳೆ ಇರಲಿಲ್ಲ. ಮಾವನ ಪುಸ್ತಕದಲ್ಲಿ ಹಾಳೆ ಇಲ್ಲದಿರುವುದು ನಮಗೆ ಹೊಸದಾಗಿರಲಿಲ್ಲ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ನಕ್ಕಿದ್ದೆವು. ಅವತ್ತು ನನಗೆ ಅಳು ಬಂತು.

"ನೋಡ್ದಾ? ಪುಸ್ತಕಕ್ಕೇ ಗೊತ್ತಿಲ್ಲ" ಎಂದರು ಅಜ್ಜಿ.

ಅಮ್ಮ ತಮ್ಮನ ಮುಖ ನೋಡಿದರು. ಆಮೇಲೆ ಒಳಕೋಣೆಯ ಬಾಗಿಲಿಗೆ ಹೋಗಿ ಅಜ್ಜಿಯ ಎದುರಿಗೆ ನಿಂತರು. ಅತ್ತೆಯ ಮುಂದೆ ಅಮ್ಮ ತಲೆಯೆತ್ತಿ ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ನಮ್ಮಣ್ಣ ಸೀರೆ ತರ್ಲಿಲ್ಲ ಅತ್ತೆ. ಹನ್ನೊಂದು ವರ್ಷದಿಂದ ಈ ಒಂದು ಮಾತ್ನೇ ತಂದವ್ನೆ. ನಾನು ಅದ್ನೇ ಉಡ್ತೀನಿ. ಜರುಗಿ."

ಅಜ್ಜಿ ಜರುಗಿದರು. ಏಕೆ ಜರುಗಿದರೋ ತಿಳಿಯದು, ಅಮ್ಮನ ದನಿಯೇ ಹಾಗಿತ್ತು. ಒಲೆಯ ಮೇಲೆ ಗಂಜಿ ಬೆಂದಿತು. ತಿಳಿ ಬಸಿದು, ಉಪ್ಪು ಹಾಕಿ, ಆರಿಸಿ, ಕೂಸಿಗೆ ಹಾಲು ಹುಯ್ಯುವ ಒಳಲೆಯಲ್ಲಿ ಗುಟುಕು ಗುಟುಕಾಗಿ ಅಮ್ಮ ಕುಡಿಸತೊಡಗಿದರು. ತಮ್ಮ ಕುಡಿದ, ಕಕ್ಕಿದ. ಅಜ್ಜಿ ಹಣೆ ಚಚ್ಚಿಕೊಂಡರು. ಅಮ್ಮ ಮತ್ತೆ ಕುಡಿಸಿದರು. ಅವನು ಮತ್ತೆ ಕಕ್ಕಿದ, ಅಮ್ಮ ಮತ್ತೆ ಕುಡಿಸಿದರು. ಮಧ್ಯಾಹ್ನದ ಮೇಲೆ ಕಕ್ಕುವುದು ಕಡಿಮೆಯಾಯಿತು. ಹೊತ್ತು ಇಳಿಯುವಾಗ ಅವನು ಉಚ್ಚೆ ಹುಯ್ದ. ಮಗು ಉಚ್ಚೆ ಹುಯ್ದದ್ದಕ್ಕೆ ಮನೆಮಂದಿಯೆಲ್ಲ ದೇವರಿಗೆ ಕೈ ಮುಗಿದದ್ದು ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲು.

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಸೈಕಲ್ಲಿನ ಹಿಂದೆ ಕೂತು ಡಾಕ್ಟರು ಬಂದರು. ನಾಡಿ ಹಿಡಿದು, ಹೊಟ್ಟೆ ಒತ್ತಿ ನೋಡಿ, ಔಷಧಿ ಕೊಟ್ಟು, "ಬೆಳಿಗ್ಗೆಯಿಂದ ಇವನಿಗೆ ನೀರು ಕೊಟ್ಟವರು ಯಾರು?" ಎಂದು ಕೇಳಿದರು. ಅಮ್ಮ ಹೆದರಿ ಬಾಗಿಲ ಸಂದಿಗೆ ಸರಿದರು. "ಅವರಿಗೆ ನನ್ನ ಫೀಜು ಕೊಟ್ಟುಬಿಡಿ. ನನಗಿಂತ ಮೊದಲು ಅವರು ಬಂದಿದ್ದಾರೆ" ಎಂದರು ಡಾಕ್ಟರು.

ಮರುದಿನ ಗೌರಿ ಹಬ್ಬ. ಮಧ್ಯಾಹ್ನದ ಬಸ್ಸಿಗೆ ಮಾವ ಬಂದರು. ಇದ್ದಿಲ ಮಸಿಯ ಮುಖ, ಕಂಕುಳಲ್ಲಿ ಕೆಂಪು ಗಂಟು. ಹೊಸಿಲಾಚೆ ನಿಂತು ಎಂದಿನಂತೆ ಕೇಳಿದರು. "ವಾಂತಿಭೇದಿ ಆದ್ರೆ ಏನ್ ಕೊಡ್ಬೇಕು ಮಗಾ?"

ನಾನು ತಂಬಿಗೆ ಹಿಡಿದುಕೊಂಡೇ ನಡುಮನೆಯ ಕಡೆ ತಿರುಗಿದೆ. ನಡುಮನೆಯ ಚಾಪೆಯ ಮೇಲೆ ಮಲಗಿದ್ದ ತಮ್ಮ ಮಾವನ ದನಿ ಕೇಳಿ ಕಣ್ಣು ಬಿಟ್ಟು, "ಮಾವ, ನೀರು" ಎಂದ.

ಮಾವನ ಕಂಕುಳಿನ ಗಂಟು ಕೆಳಗೆ ಬಿತ್ತು. ಕಾಲು ತೊಳೆಯದೆ ಒಳಗೆ ಬಂದವರು ಮಗುವಿನ ಒಣಗಿದ ಮುಖ ನೋಡಿ ಗೋಡೆ ಹಿಡಿದು ನಿಂತರು. ಅಮ್ಮ ಗಂಜಿ ತಿಳಿಯ ಒಳಲೆಯನ್ನು ಅವರ ಕೈಗೆ ಕೊಟ್ಟರು.

"ನೀನೇ ಕುಡ್ಸು ಅಣ್ಣ."

ಮಾವ ಕುಡಿಸಿದರು. ಒಳಲೆ ಖಾಲಿಯಾದ ಮೇಲೂ ಅದನ್ನು ಕೆಳಗಿಡದೆ, ಐವತ್ತು ದಾಟಿದ ಆ ದೊಡ್ಡ ಮನುಷ್ಯ ನಮ್ಮೆಲ್ಲರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತರು. ನನಗೊಬ್ಬಳು ಅಕ್ಕ ಇದ್ದಳೆಂದು ನನಗೆ ಗೊತ್ತಾದದ್ದು ಆಗ.

ನಾನು ಹುಟ್ಟುವ ಮುಂಚೆ ಒಂದು ಗೌರಿ ಹಬ್ಬಕ್ಕೆ ಅಮ್ಮ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹಿಂದೂಪುರದ ತವರಿಗೆ ಹೋಗಿದ್ದರಂತೆ. ಅಲ್ಲಿ ಮಗುವಿಗೆ ಇದೇ ರೋಗ. ಹಿರಿಯರು ಹೇಳಿದ ಹಾಗೆ ಮಾವನೇ ನೀರಿನ ಕೊಡವನ್ನು ಅಟ್ಟದ ಮೇಲಿಟ್ಟಿದ್ದರು. ಅವಳು ಅವರ ಪಂಚೆ ಹಿಡಿದು "ಮಾವ, ನೀರು" ಎಂದು ಕೇಳುತ್ತಲೇ ಹೋದಳು. ಮಗುವನ್ನು ಮಣ್ಣು ಮಾಡಿ ಮೂರು ದಿನ ಕಳೆದು ಮಾವ ಅಂಗಡಿ ತೆರೆದರು. ಯಾರೋ ಇಂಗು ಕೇಳಿದರು. ತೂಕಕ್ಕೆ ಕೊಂಡಿದ್ದ ಹಳೆಯ ಪುಸ್ತಕದಿಂದ ಒಂದು ಹಾಳೆ ಹರಿದು, ಇಂಗು ಹಾಕಿ, ಮಡಚುವಾಗ ಕಣ್ಣು ಆ ಅಕ್ಷರಗಳ ಮೇಲೆ ಬಿತ್ತು.

ಮಾವ ಎದೆಯ ಜೇಬಿನಿಂದ ಒಂದು ಮಡಚಿದ ಹಾಳೆ ತೆಗೆದರು. ಮಡಿಕೆಗಳಲ್ಲಿ ಸವೆದು, ಹಳದಿಯಾಗಿ, ಅಷ್ಟು ವರ್ಷಗಳಾದರೂ ಸಣ್ಣಗೆ ಇಂಗಿನ ವಾಸನೆ ಹೊಡೆಯುತ್ತಿತ್ತು. ಒಂದು ಬದಿ ನಲವತ್ತೊಂದು, ಇನ್ನೊಂದು ಬದಿ ನಲವತ್ತೆರಡು.

"ಪುಸ್ತಕ ನಿನಗೆ ಕೊಟ್ಟೆ ತಂಗ್ಯಮ್ಮ. ಈ ಹಾಳೆ ಕೊಡೋಕೆ ಧೈರ್ಯ ಬರ್ಲಿಲ್ಲ. ಇದ್ನ ಯಾರಾದ್ರೂ ಓದಿ ಹೇಳಿದ್ರೆ, ನಾನು ನಿನ್ನ ಕೂಸಿಗೆ ಏನ್ ಮಾಡ್ದೆ ಅಂತ ನಿಂಗೆ ಗೊತ್ತಾಗೋಯ್ತದೆ ಅಂತ. ಅಂಗಡೀಲಿ ಪುಸ್ತಕ ಇತ್ತು. ಪೊಟ್ಟಣ ಕಟ್ಟೋಕೆ ಇಟ್ಕೊಂಡಿದ್ದೆ."

ಅಮ್ಮ ಅವರ ಪಕ್ಕ ಕೂತುಕೊಂಡರು. "ಗೊತ್ತಿತ್ತು ಅಣ್ಣ. ಮೊದಲ್ನೇ ಸಲ ಹೊಸಿಲ ಹತ್ರ ನಿಂತು ನೀರಿನ ಮಾತು ಕೇಳಿದ್ಯಲ್ಲ, ಆವತ್ತೇ ಗೊತ್ತಾಯ್ತು. ಕೂಸು ಹೋದ ದಿನ ಕೊಡ್ಬ್ಯಾಡ ಅಂತ ನಾನೂ ಅಂದಿದ್ದೆ. ನಮಗೆ ಯಾರೂ ಹೇಳಿರ್ಲಿಲ್ಲ. ನೀನು ಊರಿಗೆಲ್ಲಾ ಹೇಳ್ದೆ."

ಇಷ್ಟು ಹೇಳಿ ಅಮ್ಮ ಎದ್ದು, ತಮ್ಮನಿಗೆ ಬಸಿದು ಉಳಿದಿದ್ದ ಗಂಜಿಯನ್ನು ಬೆರಳಲ್ಲಿ ತೆಗೆದು ಹಾಳೆಯ ಅಂಚಿಗೆ ಸವರಿ, ಆ ದಪ್ಪ ಪುಸ್ತಕದ ನಲವತ್ತನೆಯ ಪುಟದ ಎದುರಿಗೆ ಅಂಟಿಸಿದರು. ಅಂಗೈಯಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿದುಕೊಂಡರು. ಆಮೇಲೆ ಗೌರಿಯ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿ, ನನ್ನನ್ನು ಕರೆದರು.

"ಓದು ಮಗಾ. ಅಣ್ಣಂಗೂ ಕೇಳ್ಸಂಗೆ."

ನಾನು ಹಿಂದಿನ ದಿನ ನಿಲ್ಲಿಸಿದ್ದ ಸಾಲಿನಿಂದಲೇ ಹಿಡಿದೆ. "ಇಂಥ ಸಮಯದಲ್ಲಿ ಮನೆಯವರು ಮೊಟ್ಟಮೊದಲು ಮಾಡಬೇಕಾದದ್ದೇನೆಂದರೆ, ಮಗುವಿಗೆ ನೀರು ಕೊಡುವುದು." ಮುಂದೆ ಇದ್ದದ್ದೆಲ್ಲ ಮಾವ ಹೊಸಿಲ ಮೇಲೆ ಕಲಿಸಿದ್ದ ಮಾತುಗಳೇ, ಒಂದು ಅಕ್ಷರ ಆಚೀಚೆ ಇರಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಓದಿ ಮುಗಿಸಿ ತಲೆಯೆತ್ತಿದಾಗ ಅಜ್ಜಿ ಬಂದು ನನ್ನ ಹತ್ತಿರ ಕೂತಿದ್ದರು. ಅಜ್ಜಿಗೂ ಅಪ್ಪನಿಗಿಂತ ಮೊದಲು ಎರಡು ಮಕ್ಕಳು ಹುಟ್ಟಿ ಹೋಗಿದ್ದವೆಂದು ನಾನು ಕೇಳಿದ್ದೆ. ಯಾವ ರೋಗದಿಂದ ಎಂದು ಮಾತ್ರ ಎಂದೂ ಕೇಳಿರಲಿಲ್ಲ. ಅಜ್ಜಿ ಆ ಹಾಳೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಹಬ್ಬದ ಸೀರೆಯನ್ನು ಮುಟ್ಟಿ ನೋಡುವ ಹಾಗೆ.

"ಇನ್ನೊಂದ್ಸಲ ಓದು" ಎಂದರು.